ಮೂರನೇ ಒಂದು ಭಾಗ ಕಮ್ಮಿ

“ಚಿಮುಕಿಸಿದ್ದನ್ನ ಸ್ನಾನ ಅಂತ ನಾನು ಬರ್ಕೊಳ್ಳಲ್ಲ ಪಾಸ್ಟರ್. ಬೇಕಾದ್ರೆ ತಗೊಳ್ಳಿ ಪೆನ್ನು, ನೀವೇ ಬರ್ಕೊಳ್ಳಿ,” ಅಂದಳು ವರ್ಡೆಲ್.

ಪಾಸ್ಟರ್ ಲ್ಯಾತ್ರಪ್ ಆ ಪೆನ್ನನ್ನು ಹಾವಿನ ಮರಿ ನೋಡಿದ ಹಾಗೆ ನೋಡಿದರು. ಮುಟ್ಟಲಿಲ್ಲ. ಯಾರು ಮುಟ್ಟುತ್ತಾರೆ? ಹದಿನಾಲ್ಕು ವರ್ಷದಿಂದ ನಮ್ಮ ಓಲ್ಡ್ ಗಿಲ್ಗಾಲ್ ಬ್ಯಾಪ್ಟಿಸ್ಟ್ ಚರ್ಚಿನ ಸಭೆಯ ಕಾರ್ಯದರ್ಶಿ ವರ್ಡೆಲ್ ಪಿಂಕ್ನಿ. ಸಭೆಗೆ ಯಾರು ಸೇರಿದರು, ಯಾರು ಬಿಟ್ಟುಹೋದರು, ಯಾರಿಗೆ ನೀರಲ್ಲಿ ಪೂರ್ತಿ ಮುಳುಗಿಸಿ ದೀಕ್ಷಾಸ್ನಾನವಾಯಿತು, ಎಲ್ಲವನ್ನೂ ದೊಡ್ಡ ಪುಸ್ತಕದಲ್ಲಿ ಅವಳೇ ಬರೆಯಬೇಕು, ಅದೂ ಶಾಯಿ ಪೆನ್ನಿನಲ್ಲಿ. ಬರೆದಾದ ಮೇಲೆ ಪುಸ್ತಕದ ಮೇಲೆ ಬಾಗಿ, ತುಟಿ ಮುಂದೆ ಮಾಡಿ, ಶಾಯಿ ಒಣಗುವ ತನಕ ಊದುತ್ತಾ ಕೂರುತ್ತಾಳೆ. ಆಕಡೆ ಊಟ ಆರಿದರೂ ಸರಿ, ಒಣಗದೆ ಪುಸ್ತಕ ಮುಚ್ಚುವವಳಲ್ಲ. ಹದಿನಾಲ್ಕು ವರ್ಷದಲ್ಲಿ ಶಾಯಿ ಹರಡಿ ಒಬ್ಬರ ಹೆಸರೂ ಕೆಟ್ಟಿಲ್ಲ ಅನ್ನುವುದು ಅವಳ ಹೆಮ್ಮೆ.

ಸಭೆಯ ಅಡುಗೆಮನೆ ನನ್ನದು. ನನ್ನ ಹೆಸರು ಲೂರೆಥಾ. ಅವತ್ತು ಆಫೀಸಿನ ಫ್ಯಾನ್ ಕೆಟ್ಟಿತ್ತು ಅಂತ ಇಬ್ಬರೂ ನನ್ನ ಮೇಜಿಗೇ ಬಂದು ವಾದಕ್ಕೆ ಕೂತಿದ್ದರು. ನಾನು ಬೆಂಡೆಕಾಯಿ ಹೆಚ್ಚುತ್ತಿದ್ದೆ.

“ಸಿಸ್ಟರ್ ಪಿಂಕ್ನಿ, ಸ್ವಲ್ಪ ಕೇಳು,” ಅಂದರು ಪಾಸ್ಟರ್. “ಹೊಸದಾಗಿ ಸೇರೋಕೆ ಬಂದಿರೋ ಆತ ಎಂಟು ತಿಂಗಳ ಮಗು ಆಗಿದ್ದಾಗ ಮೆಥಡಿಸ್ಟ್ ಚರ್ಚಿನವರು ನೆತ್ತಿಗೆ ನೀರು ಚಿಮುಕಿಸಿದಾರೆ. ಅವರ ಪದ್ಧತಿ ಅದು. ಅವತ್ತಿಂದ ಇವತ್ತಿನವರೆಗೂ ಒಂದು ಭಾನುವಾರ ತಪ್ಪಿಸಿಲ್ಲ ಅಂತ ಅವನ ಹಳೇ ಸಭೆಯಿಂದ ಕಾಗದಾನೂ ಬಂದಿದೆ. ಇನ್ನೇನು ಬೇಕು ನಿನಗೆ?”

“ಕಾಗದ ಬಂದಿದೆ. ಸ್ವೀಕರಿಸಲಾಗಿದೆ. ಅನ್ವಯಿಸುವುದಿಲ್ಲ.”

ಆ ಕೊನೆಯ ಎರಡು ಮಾತು ಕೇಳಿದ್ದೇ ನನ್ನ ಚಾಕು ನಿಂತಿತು. ಅವು ಎಲ್ಲಿಂದ ಬಂದವು ಅಂತ ನನಗೆ ಗೊತ್ತಿತ್ತು. ಪಾಸ್ಟರಿಗೆ ಗೊತ್ತಿರಲಿಲ್ಲ.

“ಬಿವೆನ್ಸ್ ಹಾಸಿಗೆ ಹಿಡಿದಾಗಿಂದ ನಮ್ಮ ಗಾಯನ ತಂಡಕ್ಕೆ ತಳದ ದನಿಯೇ ಇಲ್ಲ ಸಿಸ್ಟರ್,” ಪಾಸ್ಟರ್ ಕೈ ಮುಗಿಯುವುದೊಂದು ಬಾಕಿ. “ಆಗಸ್ಟ್‌ನಲ್ಲಿ ಸಭೆಯ ವಾರ್ಷಿಕೋತ್ಸವ. ಆರು ಊರಿನವರು ಬರ್ತಾರೆ. ಈತ ಬಾಯಿ ತೆಗೆದ್ರೆ ಬೆಂಚು ನಡುಗುತ್ತೆ. ಸದಸ್ಯ ಅಲ್ಲದವನನ್ನ ತಂಡದಲ್ಲಿ ನಿಲ್ಲಿಸೋ ಹಾಗಿಲ್ಲ. ಒಂದು ಸಲ ಕಣ್ಣು ಮುಚ್ಚಿಕೊಂಡ್ರೆ ಏನಾಗುತ್ತೆ?”

“ನಿಯಮ ನಾನು ಬರೆದಿದ್ದಲ್ಲ ಪಾಸ್ಟರ್.”

“ಹಾಗಿದ್ರೆ ಅವನಿಗೆ ನೀನೇ ಹೇಳ್ಕೋ ತಾಯಿ,” ಅಂತ ಎದ್ದು ಹೋದರು. ಹೋಗುವಾಗ ನನ್ನ ತಟ್ಟೆಯಿಂದ ಒಂದು ಹಸಿ ಬೆಂಡೆಕಾಯಿ ಬಾಯಿಗೆ ಹಾಕಿಕೊಂಡರು. ಅವರಿಗೆ ಅಷ್ಟು ಕಳವಳ ಆಗಿತ್ತು.

ಈಗ ಆ ಎರಡು ಮಾತಿನ ಕತೆ ಹೇಳಬೇಕು.

ನಮ್ಮ ಟಾಲಿವರ್ ಊರಿನ ಪ್ರಾಥಮಿಕ ಶಾಲೆಯಲ್ಲಿ ವರ್ಡೆಲ್ ಇಪ್ಪತ್ತೆರಡು ವರ್ಷದಿಂದ ಸಹಾಯಕಿ. ನಾಲ್ಕನೇ ಕೋಣೆ, ಒಂದನೇ ತರಗತಿ. ಟೀಚರ್ ಮಿಸ್ ಡಕೆಟ್ ಬೋರ್ಡಿನ ಮೇಲೆ ಬರೆಯುತ್ತಿದ್ದರೆ, ಮೂಲೆಯ ಚಾಪೆಯ ಮೇಲೆ ಕೂತು ಓದು ಬಾರದ ಮಕ್ಕಳ ಕೈಯಲ್ಲಿ ಓದಿಸುತ್ತಿದ್ದವಳು ಇವಳು. ಊರಲ್ಲಿ ಮೂವತ್ತು ದಾಟದವರು ಯಾರಾದರೂ ಪತ್ರಿಕೆ ಓದುತ್ತಿದ್ದರೆ ಅವರಿಗೆ ಅಕ್ಷರ ಕೂಡಿಸಲು ಕಲಿಸಿದವಳು ವರ್ಡೆಲ್ ಅಂತಲೇ ತಿಳಿಯಿರಿ. ಮಿಸ್ ಡಕೆಟ್ ನಿವೃತ್ತಿಯ ಮಾತು ಎತ್ತಿದಾಗ ಹೆಡ್‌ಮಾಸ್ಟರು ಕರೆದು ಹೇಳಿದ್ದರು: “ಡಿಗ್ರಿ ಕಾಗದ ತಗೊಂಡು ಬಾ ವರ್ಡೆಲ್, ನಾಲ್ಕನೇ ಕೋಣೆ ನಿಂದು.”

ಡಿಗ್ರಿಗೆ ಅವಳು ಆಗಲೇ ಅರ್ಧ ದಾರಿ ನಡೆದಿದ್ದಳು. ನಲವತ್ತು ಮೈಲಿ ಆಚೆ, ನದಿ ದಾಟಿದರೆ ಒಂದು ಎರಡು ವರ್ಷದ ಕಾಲೇಜು. ಎರಡು ವರ್ಷದ್ದನ್ನು ಎಂಟು ವರ್ಷ ಓದಿದಳು, ಸಂಜೆ ಸಂಜೆ, ಒಂದೊಂದೇ ವಿಷಯ. ಅರವತ್ತೊಂದು ಕ್ರೆಡಿಟ್ ಕೂಡಿತು. ಉಳಿದರ್ಧ ಮುಗಿಸಲು ವಿಶ್ವವಿದ್ಯಾಲಯಕ್ಕೆ ಹೋದಾಗ ಅವಳ ಕೈಗೆ ಒಂದು ಕಾಗದ ಬಂತು. ಎರಡು ಕಂಬಸಾಲು. ಎಡಗಡೆ “ಸ್ವೀಕರಿಸಲಾಗಿದೆ”: ಅರವತ್ತೊಂದು. ಬಲಗಡೆ “ಅನ್ವಯಿಸುತ್ತದೆ”: ಮೂವತ್ತೆಂಟು.

“ಇದೇನೇ ಇದು, ತಗೊಂಡಿದಾರೋ ಇಲ್ವೋ?” ಅಂತ ನಾನು ಕೇಳಿದ್ದೆ.

“ತಗೊಂಡಿದಾರೆ. ಆದ್ರೆ ಎಣಿಸಲ್ವಂತೆ,” ಅಂದಿದ್ದಳು. “ಮನೆ ಒಳಗೆ ಕರೆದು, ಕೂರೋಕೆ ಕುರ್ಚಿ ಇಲ್ಲ ಅಂದ ಹಾಗೆ.”

ಎಣಿಕೆಗೆ ಬಾರದೆ ಹೋದ ಇಪ್ಪತ್ತಮೂರು ಕ್ರೆಡಿಟ್‌ಗಳಲ್ಲಿ ಎರಡು ವಿಷಯ ಅವಳ ಎದೆಗೆ ನಾಟಿದವು. ಒಂದು ಬೀಜಗಣಿತ. ಅವಳು ಅದನ್ನು ಓದಿದ ವರ್ಷ ಆ ಕಾಲೇಜು ವರ್ಷವನ್ನು ಮೂರು ಹೋಳು ಮಾಡುತ್ತಿತ್ತು. ವಿಶ್ವವಿದ್ಯಾಲಯ ಎರಡು ಹೋಳು ಮಾಡುತ್ತದೆ. ಅಲ್ಲಿಯ ನಾಲ್ಕು ಕ್ರೆಡಿಟ್ ಇಲ್ಲಿ ಮೂರಾಗಲು ಒಂದು ಕ್ರೆಡಿಟ್ಟಿನ ಮೂರನೇ ಒಂದು ಭಾಗ ಕಮ್ಮಿ. ಆ ಚೂರಿಗಾಗಿ ಇಡೀ ಬೀಜಗಣಿತ ಬಿತ್ತು. ಇನ್ನೊಂದು ಮಕ್ಕಳ ಸಾಹಿತ್ಯ. ಅದೇ ಪುಸ್ತಕ, ಅದೇ ಪಾಠ, ಆದರೆ ಪಾಠಪಟ್ಟಿಯ ಮೇಲೆ ಮೇಷ್ಟರ ಸಹಿ ಬೇಕಂತೆ. ಮೇಷ್ಟರು ತೀರಿಕೊಂಡಿದ್ದರು. ವರ್ಡೆಲ್ ಅವರ ಹೆಂಡತಿಯ ಮನೆಗೆ ಹೋಗಿ, ಆ ಮುದುಕಿಯ ಜೊತೆ ಟ್ರಂಕು ಜಾಲಾಡಿ, ಪಾಠಪಟ್ಟಿ ಹುಡುಕಿ ತಂದಳು. ವಿಶ್ವವಿದ್ಯಾಲಯದ ಕಿಟಕಿಯಲ್ಲಿ ಕೊಟ್ಟಳು. ಒಳಗಿದ್ದವನು ಕಾಗದ ನೋಡಿದ, ಅವಳನ್ನು ನೋಡಲಿಲ್ಲ.

“ಸಹಿ ಇಲ್ಲ.”

“ಅವರು ತೀರಿಕೊಂಡಿದಾರೆ ಸರ್.”

“ಹಾಗಿದ್ರೆ ಪರಿಶೀಲಿಸೋದಕ್ಕೆ ಆಗೋದಿಲ್ಲ. ನಿಯಮ ನಾನು ಬರೆದಿದ್ದಲ್ಲ. ಮುಂದಿನವರು ಬನ್ನಿ.”

ಆ ವರ್ಷ ನಾಲ್ಕು ಸಲ ಆ ಕಿಟಕಿಗೆ ಹೋದಳು. ನಾಲ್ಕು ಸಲವೂ ಅದೇ ಉತ್ತರ. ಈ ಬೇಸಿಗೆಗೆ ಮುಗಿಯಬೇಕಿದ್ದ ಡಿಗ್ರಿ ಎರಡು ವರ್ಷ ಮುಂದೆ ಹೋಯಿತು. ಮೇ ತಿಂಗಳಲ್ಲಿ ಮಿಸ್ ಡಕೆಟ್ ನಿವೃತ್ತಿಯ ಕೇಕು ಕತ್ತರಿಸಿ ಮನೆಗೆ ಹೋದರು. ನಾಲ್ಕನೇ ಕೋಣೆ ಇಪ್ಪತ್ತಮೂರು ವರ್ಷದ ಮಿಸ್ ಟ್ರೆನಮ್ ಅನ್ನುವ ಹುಡುಗಿಗೆ ಹೋಯಿತು. ಒಳ್ಳೆಯ ಹುಡುಗಿ. “ಮಿಸ್ ವರ್ಡೆಲ್, ಓದೋ ಗುಂಪನ್ನ ಹೇಗೆ ಮಾಡೋದು?” ಅಂತ ಇವಳನ್ನೇ ಕೇಳುತ್ತಾಳೆ.

ಎರಡು ಕಂಬಸಾಲಿನ ಆ ಕಾಗದದ ಕೆಳಗಿನ ಸಹಿ ಟಿ. ಗ್ಯಾಸ್ಕಿನ್ಸ್, ಕ್ರೆಡಿಟ್ ವರ್ಗಾವಣೆ ಪರಿಶೀಲಕ. ಕಿಟಕಿಯೊಳಗೆ ಕೂತಿದ್ದವನೂ ಅವನೇ.

ಮಿಸ್ ಡಕೆಟ್ ಕೇಕು ಕತ್ತರಿಸಿ ಎರಡು ವಾರ ಆಗಿರಲಿಲ್ಲ. ನಮ್ಮ ಸಭೆಯಲ್ಲಿ ಆರಾಧನೆಯ ಕೊನೆಗೆ ಮುಂದೆ ಮೂರು ಕುರ್ಚಿ ಹಾಕುತ್ತಾರೆ: ಹಳೇ ಸಭೆಯಿಂದ ಕಾಗದ ತರಿಸಿಕೊಂಡು ಸೇರುವವರಿಗೆ ಒಂದು, ಬರೀ ನಂಬಿಕೆಯ ಮಾತು ಹೇಳಿ ಸೇರುವವರಿಗೆ ಒಂದು, ದೀಕ್ಷಾಸ್ನಾನ ಬೇಕಾದವರಿಗೆ ಒಂದು. ನಮ್ಮ ಆರ್ಗನ್ ನುಡಿಸುವ ವಿಧವೆ ಅರ್ನೆಸ್ಟೀನಳನ್ನು ಆಗಷ್ಟೇ ಮದುವೆಯಾಗಿ ಊರಿಗೆ ಬಂದಿದ್ದ ಉದ್ದನೆಯ ಮನುಷ್ಯನೊಬ್ಬ ಎದ್ದು ಬಂದು ಕಾಗದದ ಕುರ್ಚಿಯಲ್ಲಿ ಕೂತ.

“ನನ್ನ ಹೆಸರು ಥರ್ಮಂಡ್ ಗ್ಯಾಸ್ಕಿನ್ಸ್,” ಅಂದ. ಬಾವಿಯೊಳಗಿಂದ ಬಂದ ಹಾಗಿತ್ತು ದನಿ. ಹೆಂಗಸರೆಲ್ಲ ಬೀಸಣಿಗೆ ನಿಲ್ಲಿಸಿದರು.

ವರ್ಡೆಲ್ ಹೆಸರು ಬರೆದುಕೊಂಡಳು. ಊದಿದಳು. ಮುಖದ ಒಂದು ನರವೂ ಅಲುಗಲಿಲ್ಲ. ಮನೆಗೆ ಹೋಗುವಾಗ ನನ್ನ ಕಾರಿನಲ್ಲಿ ಕೂತು ಒಂದು ಮೈಲಿ ದಾಟುವ ತನಕ ಬೀಸಣಿಗೆ ಬೀಸಿಕೊಂಡಳು. ಆಮೇಲೆ ಅಂದಳು, “ಬಾಗಿಲಲ್ಲಿ ನನ್ನ ಕೈ ಕುಲುಕಿದ. ‘ಮೊದಲ ಸಲ ನೋಡ್ತಿದೀನಿ ನಿಮ್ಮನ್ನ, ಸಂತೋಷ’ ಅಂದ.”

“ಅಯ್ಯೋ! ನೀನೇನಂದೆ?”

“ನನಗೂ ಸಂತೋಷ ಅಂದೆ.” ಕಿಟಕಿ ಕಡೆ ತಿರುಗಿ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಪಾಸ್ಟರ್ ನನ್ನ ಅಡುಗೆಮನೆಯಲ್ಲಿ ಕೈ ಚೆಲ್ಲಿದ ಮೇಲೆ ಬಂದ ಬುಧವಾರ ಮಧ್ಯಾಹ್ನ ಗ್ಯಾಸ್ಕಿನ್ಸ್ ಸಭೆಯ ಆಫೀಸಿಗೆ ಬಂದ. ನಾನು ತಣ್ಣನೆ ಚಹಾ ತಗೊಂಡು ಹೋದೆ. ಕೊಟ್ಟು ಬರಬಹುದಿತ್ತು. ಆದರೆ ಬಾಗಿಲ ಪಕ್ಕದ ಕಪಾಟಿನಲ್ಲಿ ತಟ್ಟೆ ಜೋಡಿಸುವುದು ಅವತ್ತೇ ಆಗಬೇಕು ಅಂತ ನನಗೆ ಅನ್ನಿಸಿತು.

“ಇದು ನನ್ನ ದೀಕ್ಷಾಸ್ನಾನದ ಪತ್ರ ಅಮ್ಮಾ,” ಅಂದ. “ನಮ್ಮಮ್ಮ ಬೈಬಲ್ ಒಳಗೆ ಇಟ್ಟಿದ್ರು. ಪಾಸ್ಟರ್ ಹೇಳಿದ್ರು ನಿಮಗೆ ಏನೋ ಅನುಮಾನ ಇದೆ ಅಂತ.”

ವರ್ಡೆಲ್ ಕಾಗದ ನೋಡಿದಳು. ಅವನನ್ನು ನೋಡಲಿಲ್ಲ.

“ಪಾದ್ರಿ ಸಹಿ ಇಲ್ಲ.”

“ಹೆಸರು ಅಚ್ಚಾಗಿದೆಯಲ್ಲಾ ಅಲ್ಲಿ.”

“ಅಚ್ಚು ಸಹಿ ಅಲ್ಲ. ಅವರ ಹತ್ರ ಹಾಕಿಸ್ಕೊಂಡು ಬನ್ನಿ.”

ಅವನು ನಕ್ಕ. “ಅಮ್ಮಾ, ಅವರು ಹೋಗಿ ನಲವತ್ತು ವರ್ಷ ಆಯ್ತು.”

“ಹಾಗಿದ್ರೆ ಪರಿಶೀಲಿಸೋದಕ್ಕೆ ಆಗೋದಿಲ್ಲ.”

“ಸತ್ತವರ ಸಹಿ ಎಲ್ಲಿಂದ ತರ್ಲಿ ನಾನು?”

“ನಿಯಮ ನಾನು ಬರೆದಿದ್ದಲ್ಲ. ಅಲ್ಲದೆ ಇದರಲ್ಲಿ ಚಿಮುಕಿಸಿದ್ದು ಅಂತಿದೆ. ನಿಮ್ಮ ಕಾಗದ ಸ್ವೀಕರಿಸಲಾಗಿದೆ. ಅನ್ವಯಿಸುವುದಿಲ್ಲ.”

ಅವನು ಚಹಾದ ಲೋಟ ಎತ್ತಿದವನು ಹಾಗೇ ಕೆಳಗಿಟ್ಟ.

“ಈ ಮಾತು ಎಲ್ಲೋ ಕೇಳಿದ ಹಾಗಿದೆ.”

“ಕೇಳಿದ್ದಲ್ಲ, ನೀವು ಹೇಳಿದ್ದು.”

ಅವಳು ಡ್ರಾಯರಿನಿಂದ ಎರಡು ಕಂಬಸಾಲಿನ ಆ ಕಾಗದ ತೆಗೆದು ಅವನ ಮುಂದೆ ಬಿಡಿಸಿಟ್ಟಳು. ಮಡಿಕೆಗಳಲ್ಲಿ ಹರಿದು, ಟೇಪು ಹಾಕಿಸಿಕೊಂಡ ಕಾಗದ. ಅವನು ಓದಿದ. ಕನ್ನಡಕ ತೆಗೆದ.

“ಪಿಂಕ್ನಿ,” ಅಂದ. “ನನಗೆ ನೆನಪಿಲ್ಲ ಅಮ್ಮಾ. ವರ್ಷಕ್ಕೆ ಸಾವಿರದ ಇನ್ನೂರು ಫೈಲ್ ನೋಡ್ತೀನಿ.”

“ನನ್ನ ಹತ್ರ ಒಂದೇ ಇತ್ತು.”

ನನ್ನ ಕೈಯಲ್ಲಿ ಒಂದು ತಟ್ಟೆ, ಅದನ್ನು ಎಲ್ಲಿಡಬೇಕು ಅಂತ ಮರೆತುಹೋಗಿತ್ತು. ಮನುಷ್ಯ ಕೆಟ್ಟವನಲ್ಲ, ಅದು ಕಾಣುತ್ತಿತ್ತು. ಕನ್ನಡಕ ಹಾಕಿಕೊಂಡು ಕಾಗದವನ್ನು ಮತ್ತೆ ಮೇಲಿಂದ ಓದಿದ. ಬೆರಳಿಟ್ಟು ಒಂದು ಕಡೆ ನಿಂತ.

“ಈ ಬೀಜಗಣಿತ... ಮೂರನೇ ಒಂದು ಭಾಗ ತಾನೇ ಕಮ್ಮಿ. ಇಂಥದ್ದನ್ನ ಮನ್ನಾ ಮಾಡೋ ಅಧಿಕಾರ ನನಗಿದೆ. ಮಕ್ಕಳ ಸಾಹಿತ್ಯಾನೂ ಅಷ್ಟೇ. ನಾಳೇನೇ ಬರೀತೀನಿ. ಒಂದು ಸಾಲು ಬರೆದ್ರೆ ಆಯ್ತು.”

ಸಮಾಧಾನ ಮಾಡಲು ಹೇಳಿದ್ದು, ಪಾಪ. ಅದಕ್ಕಿಂತ ಕೆಟ್ಟ ಮಾತು ಆ ಗಳಿಗೆಯಲ್ಲಿ ಇನ್ನೊಂದಿರಲಿಲ್ಲ. ವರ್ಡೆಲ್ ಆಗ ಮುಖ ಎತ್ತಿದಳು.

“ಈ ಅಧಿಕಾರ ಆವಾಗಲೂ ಇತ್ತಾ?”

ಅವನು ಕಾಗದದಿಂದ ಬೆರಳು ತೆಗೆದ. “ಇತ್ತು.”

“ನಾನು ಕಿಟಕಿ ಮುಂದೆ ನಿಂತಿದ್ದಾಗ.”

“ಇತ್ತು ಅಮ್ಮಾ. ಕೇಳಿದವರಿಗೆಲ್ಲ ಮಾಡ್ತಾ ಹೋದ್ರೆ...”

“ಒಂದು ಸಾಲು.”

“ಒಂದು ಸಾಲು.”

“ಹೋದ ವಾರ ನಾಲ್ಕನೇ ಕೋಣೆ ಬಾಗಿಲಿಗೆ ಆ ಹುಡುಗಿ ಹೆಸರು ನಾನೇ ಅಂಟಿಸಿದೆ,” ಅಂದಳು ವರ್ಡೆಲ್, ದನಿ ಏರಿಸದೆ. “ಹಳದಿ ಕಾಗದದಲ್ಲಿ ಅಕ್ಷರ ಕತ್ತರಿಸಿ. ಟ್ರೆನಮ್. ಇಂಗ್ಲಿಷ್‌ನಲ್ಲಿ ಏಳಕ್ಷರ. ಪಿಂಕ್ನೀನೂ ಏಳೇ. ಕತ್ತರಿ ಕೆಲಸ ಅಷ್ಟೇ ಆಗ್ತಿತ್ತು. ನೀವು ಬರೀರಿ ಬಿಡಿ, ಬೇಡ ಅನ್ನಲ್ಲ. ಆದ್ರೆ ಅದು ಬೇರೆ, ಇದು ಬೇರೆ. ಈ ಸಭೆಗೆ ಸೇರಬೇಕು ಅಂದ್ರೆ ನೀವು ಮುಳುಗ್ಲೇಬೇಕು.”

ಅಷ್ಟು ದೊಡ್ಡ ದನಿಯ ಮನುಷ್ಯ ಪಿಸುಗುಟ್ಟಿದ. “ನನಗೆ ನೀರು ಅಂದ್ರೆ ಆಗಲ್ಲ ಅಮ್ಮಾ. ಏಳು ವರ್ಷದವನಿದ್ದಾಗ ದೊಡ್ಡಪ್ಪನ ಮಗ ಕಲ್ಲುಗಣಿ ಹೊಂಡಕ್ಕೆ ತಳ್ಳಿದ. ಇವತ್ತಿಗೂ ತೊಟ್ಟಿಯಲ್ಲಿ ಕೂರಲ್ಲ, ನಿಂತೇ ಸ್ನಾನ ಮಾಡ್ತೀನಿ.”

“ನನಗೂ ಬೀಜಗಣಿತ ಅಂದ್ರೆ ಹಾಗೇ,” ಅಂದಳು ವರ್ಡೆಲ್. “ಎರಡನೇ ಸಲ ಕೂತಿದೀನಿ ಈಗ. ಮಂಗಳವಾರ, ಗುರುವಾರ. ಹತ್ತೊಂಬತ್ತು ವರ್ಷದವರ ಮಧ್ಯೆ. ಸತ್ತಿಲ್ಲ.”

ಅವನು ಹೋದ ಮೇಲೆ ನಾನು ತಟ್ಟೆ ಕೆಳಗಿಟ್ಟೆ.

“ವರ್ಡೆಲ್, ಪಾಪ ಕಣೇ. ಬರ್ಕೊಡ್ತೀನಿ ಅಂದ್ನಲ್ಲ.”

“ನಿನ್ನ ಪಾಪಾನ ನಿನ್ನ ಬೆಂಡೆಕಾಯಿಗೆ ಇಟ್ಕೋ.”

“ಅದು ದೇವರ ಪುಸ್ತಕ. ನಿನ್ನ ಸೇಡಿನ ಪುಸ್ತಕ ಅಲ್ಲ.”

“ಸಭೆಯ ನಾಲ್ಕನೇ ನಿಯಮ ಓದು. ಒಂದಕ್ಷರ ನಾನು ಸೇರಿಸಿದ್ರೆ ಹೇಳು. ಅವನು ಏನೇನು ಹೇಳಿದ್ನೋ ಅಷ್ಟನ್ನೇ ಹೇಳ್ತಿದೀನಿ ಲೂರೆಥಾ. ಅವನು ಹೇಳಿದಾಗ ಅದು ಕೆಲಸ ಆಗಿತ್ತು. ನಾನು ಹೇಳಿದ್ರೆ ಸೇಡಾ?”

ನಾನು ಚಹಾದ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಶನಿವಾರ ಸಭೆಯ ಮುಂದೆ ಅವಳು ಹಳೇ ನಿಯಮಪುಸ್ತಕ ತೆರೆದು ಆ ನಾಲ್ಕನೇ ನಿಯಮ ಓದಿದಳು: “ಸೇರಬಯಸುವವರ ಸಂಪೂರ್ಣ ದೇಹವು ನೀರಿನಲ್ಲಿ ಮುಳುಗತಕ್ಕದ್ದು.” ಮುದುಕಿಯರೆಲ್ಲ “ಆಮೆನ್” ಅಂದರು. ಅವರೆಲ್ಲ ಮುಳುಗಿದವರೇ, ಇನ್ನೊಬ್ಬರು ಯಾಕೆ ತಪ್ಪಿಸಿಕೊಳ್ಳಬೇಕು? ಗ್ಯಾಸ್ಕಿನ್ಸ್ ಎದ್ದು ಹೋಗಿಬಿಡುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಅರ್ನೆಸ್ಟೀನ್ ಅವನ ತೋಳು ಹಿಡಿದಿದ್ದಳು. “ಸರಿ,” ಅಂದ. ಅಷ್ಟೇ.

ಆಗಸ್ಟಿನ ಮೊದಲ ಭಾನುವಾರ. ನಮ್ಮ ಸಭೆಯ ಹಿಂದೆ ಸಿಮೆಂಟಿನ ಹಳೇ ಕೊಳ ಇದೆ, ಬಾವಿ ನೀರು ತುಂಬಿಸುತ್ತೇವೆ. ಆಗಸ್ಟಿನಲ್ಲೂ ಆ ನೀರು ಹಲ್ಲು ಕಡಿಸುತ್ತದೆ. ಮೆಟ್ಟಿಲ ಪಕ್ಕ ಕಬ್ಬಿಣದ ಕಂಬಿ. ಇದ್ದುದರಲ್ಲೇ ಉದ್ದದ ಬಿಳಿ ನಿಲುವಂಗಿ ಕೊಟ್ಟಿದ್ದೆವು. ಅದು ಗ್ಯಾಸ್ಕಿನ್ಸನ ಮೊಣಕಾಲಿಗೇ ಮುಗಿದಿತ್ತು. ಕೊಕ್ಕರೆಯ ಹಾಗೆ ಒಂದೊಂದೇ ಮೆಟ್ಟಿಲು ಇಳಿದ. ಕೊಳದ ಅಂಚಿನಲ್ಲಿ ಪುಟ್ಟ ಮೇಜು, ಅದರ ಮೇಲೆ ದೊಡ್ಡ ಪುಸ್ತಕ, ಅದರ ಹಿಂದೆ ವರ್ಡೆಲ್.

ಪಾಸ್ಟರ್ ಗಿಡ್ಡ, ಮೇಲಾಗಿ ಭುಜ ನೋವು. ಒಂದು ಕೈ ಅವನ ಬೆನ್ನಿಗೆ, ಇನ್ನೊಂದು ಕೈ ಮೂಗಿಗೆ ಕೊಟ್ಟು, ಪ್ರಾರ್ಥನೆ ಹೇಳಿ ಹಿಂದಕ್ಕೆ ಬಗ್ಗಿಸಿದರು. ತಲೆ ಮುಳುಗಿತು, ಎದೆ ಮುಳುಗಿತು. ಎಡಗೈ ಮಾತ್ರ ನೀರಿನ ಮೇಲೆ ಮರದ ಕೊಂಬೆಯ ಹಾಗೆ ನಿಂತಿತ್ತು, ಕಂಬಿಯನ್ನು ಗಟ್ಟಿಯಾಗಿ ಹಿಡಿದು. ಹೊಸ ಉಂಗುರ ಬಿಸಿಲಿಗೆ ಹೊಳೆಯಿತು. ಅವನು ಕೆಮ್ಮುತ್ತಾ ಮೇಲೆದ್ದ. ಜನ ಹಾಡು ಎತ್ತಿದರು.

“ಪಾಸ್ಟರ್,” ಅಂದಳು ವರ್ಡೆಲ್.

ಹಾಡು ಅಲ್ಲೇ ನಿಂತಿತು.

“ಕೈ ಮುಳುಗಲಿಲ್ಲ.”

“ಒಂದು ಕೈ ತಾನೇ ಸಿಸ್ಟರ್! ಬಾಕಿ ಮನುಷ್ಯ ಪೂರ್ತಿ ಒಳಗೆ ಹೋಗಿ ಬಂದಿದಾನೆ.”

“ಅಂಗೈ ನೆನೆದಿಲ್ಲ, ಮಣಿಕಟ್ಟು ನೆನೆದಿಲ್ಲ. ಲೆಕ್ಕ ಹಾಕಿದ್ರೆ ಆ ಕೈಯಲ್ಲಿ ಮೂರನೇ ಒಂದು ಭಾಗ ಕಮ್ಮಿ.”

ಯಾರೋ ನಕ್ಕರು. ಗ್ಯಾಸ್ಕಿನ್ಸ್ ನಗಲಿಲ್ಲ. ಸೊಂಟದವರೆಗಿನ ನೀರಿನಲ್ಲಿ ನಿಂತು, ತಲೆಯಿಂದ ನೀರು ಇಳಿಯುತ್ತಿರಲು, ಅವಳನ್ನು ನೋಡಿದ. ಕಣ್ಣು, ಮೂಗು, ಗಲ್ಲ, ಒಂದೊಂದನ್ನೂ ನೋಡಿದ. ಅವಳೂ ನೋಡಿದಳು. ಆಮೇಲೆ ಅವನು ಕಂಬಿಯಿಂದ ಬೆರಳು ಬಿಡಿಸತೊಡಗಿದ. ಕಿರುಬೆರಳು ಮೊದಲು. ಹೆಬ್ಬೆರಳು ಕೊನೆಗೆ. ಎರಡೂ ಕೈಯನ್ನು ಎದೆಯ ಮೇಲೆ ಕತ್ತರಿ ಹಾಕಿಕೊಂಡು, “ಹ್ಞೂಂ ಪಾಸ್ಟರ್,” ಅಂದ.

ಈ ಸಲ ಪಾಸ್ಟರ ಭುಜ ಹಿಡಿದುಕೊಂಡಿತೋ ಏನೋ, ಎತ್ತುವುದು ತಡವಾಯಿತು. ನೀರು ಅವನ ಮೇಲೆ ಕೂಡಿಕೊಂಡು ಸಮವಾಯಿತು. ಅರ್ನೆಸ್ಟೀನ್ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ನಾನು ವರ್ಡೆಲ್ ಕಡೆ ನೋಡಿದೆ. ಅವಳ ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಅಂತ ಬೇರೆಯವರು ಅಂದುಕೊಂಡಿರಬಹುದು. ಅವಳು ಸೆಕೆಂಡು ಎಣಿಸುತ್ತಿದ್ದಳು.

ಅವನು ಮೇಲೆ ಬಂದ. ನಡುಗುತ್ತಾ ಮೆಟ್ಟಿಲು ಹತ್ತಿ, ನಾನು ಹಿಡಿದ ಟವೆಲ್ಲನ್ನೂ ತೆಗೆದುಕೊಳ್ಳದೆ, ನೇರ ಮೇಜಿನ ಮುಂದೆ ಬಂದು ನಿಂತ.

“ಈಗ ಅನ್ವಯಿಸುತ್ತಾ ಸಿಸ್ಟರ್ ಪಿಂಕ್ನಿ?”

“ಈಗ ಅನ್ವಯಿಸುತ್ತೆ ಬ್ರದರ್ ಗ್ಯಾಸ್ಕಿನ್ಸ್. ನಾಳೆ ಎಂಟು ಗಂಟೆಗೆ ನಿಮ್ಮ ಕಿಟಕಿ ಹತ್ರ ಬರ್ತೀನಿ. ಆ ಒಂದು ಸಾಲು ತಯಾರಿರಲಿ.”

“ಅಷ್ಟು ದೂರ ಬರೋದು ಬೇಡ. ನಾನೇ ತಂದು ಕೊಡ್ತೀನಿ.”

“ಬರ್ತೀನಿ. ಅಲ್ಲಿ ಕೂತ್ಕೊಂಡು ನೀವು ಮುಖ ಎತ್ತಿ ನೋಡೋದನ್ನ ನಾನು ನೋಡಬೇಕು.”

ಅವನು ತಲೆ ಆಡಿಸಿದ. ನಾನು ಟವೆಲ್ಲನ್ನು ಅವನ ಭುಜಕ್ಕೆ ಹೊದಿಸಿದೆ.

ವರ್ಡೆಲ್ ಪೆನ್ನಿನ ಮುಚ್ಚಳ ತೆಗೆದು ಬರೆದಳು: ಥರ್ಮಂಡ್ ಗ್ಯಾಸ್ಕಿನ್ಸ್. ಅಕ್ಷರ ಎಂದಿನಂತೆ ಗುಂಡಗೆ, ಸಾಲಿಗೆ ಸರಿಯಾಗಿ. ಅವನ ತೋಳಿನಿಂದ ಒಂದು ಹನಿ ಪುಟದ ಅಂಚಿಗೆ ಬಿತ್ತು. ಅವಳು ಬಾಗಿ ಊದಲಿ ಅಂತ ನಾನು ಕಾದೆ. ಅವಳು ಊದಲಿಲ್ಲ. ಹಸಿ ಶಾಯಿಯ ಮೇಲೆ ಪುಸ್ತಕವನ್ನು ಧಪ್ ಎಂದು ಮುಚ್ಚಿ, ಕಂಕುಳಲ್ಲಿ ಒತ್ತಿ ಹಿಡಿದು, ಅಡುಗೆಮನೆಯ ಕಡೆ ನಡೆದಳು.